ಯಾವ ಬೇಜಾರು?

ಆದೋನಿಯ ಒಂದೇ ಬೀದಿಯಲ್ಲಿ ನಾಲ್ಕು ಭಾಷೆಗಳು ಓಡಾಡುತ್ತವೆ. ನಮ್ಮ ಅಂಗಡಿಗೆ ಬರುವವರಲ್ಲಿ ಹೆಚ್ಚಿನವರದು ತೆಲುಗು. ಹೊಳಗುಂದ, ಕೌತಾಳಂ ಕಡೆಯ ಹಳ್ಳಿಗಳಿಂದ ಬರುವವರಲ್ಲಿ ಹಲವರದು ಕನ್ನಡ. ಮಸೀದಿಯ ಅಕ್ಕಪಕ್ಕದವರದು ಉರ್ದು. ನಮ್ಮ ಮನೆಯ ಬಾಗಿಲು ದಾಟಿ ಒಳಗೆ ಬಂದರೆ ಬ್ಯಾರಿ. ಈ ನಾಲ್ಕರಲ್ಲೂ ಹೆಚ್ಚು ರೂಪ ಬದಲಿಸದೆ ಸಿಗುವ ಒಂದು ಪದ ‘ಬೇಜಾರು’. ಮೂಲದಲ್ಲಿ ಅದು ಫಾರ್ಸಿ ಪದ. ಉರ್ದುವಿನಲ್ಲಿ ‘ಬೇಝಾರ್’ ಎಂದರೆ ಸಾಕಾಗಿ ಹೋಗಿದೆ, ರೋಸಿ ಹೋಗಿದೆ ಎಂದು ಅರ್ಥ. ಕನ್ನಡಕ್ಕೆ ಬಂದ ಮೇಲೆ ಅದರ ಹೊಟ್ಟೆ ದೊಡ್ಡದಾಯಿತು. ದುಃಖವಾದರೂ ಬೇಜಾರು, ಹೊತ್ತು ಹೋಗದಿದ್ದರೂ ಬೇಜಾರು, ಯಾರಾದರೂ ನೋಯಿಸಿದರೂ ಬೇಜಾರು, ಅವಮಾನವಾದರೂ ಬೇಜಾರು.

ದೊಡ್ಡವರಿಗೆ ಇದರಿಂದ ದೊಡ್ಡ ತೊಂದರೆ ಇಲ್ಲ. ಆದರೆ ಹನ್ನೊಂದರಿಂದ ಹದಿನಾಲ್ಕು ವರ್ಷದ ಮಕ್ಕಳು ಈ ಪದವನ್ನು ಪಾತ್ರೆಯ ಮುಚ್ಚಳದ ಹಾಗೆ ಬಳಸುತ್ತಾರೆ. ಒಳಗೆ ಏನು ಕುದಿಯುತ್ತಿದೆ ಎಂದು ನಮಗೂ ಕಾಣುವುದಿಲ್ಲ, ಎಷ್ಟೋ ಸಲ ಅವರಿಗೂ ಗೊತ್ತಿರುವುದಿಲ್ಲ. “ಏನಾಯ್ತು?” ಎಂದರೆ “ಬೇಜಾರು” ಎನ್ನುತ್ತಾರೆ. ಅದಕ್ಕೆ ನಾವು “ಆಟ ಆಡು ಹೋಗು, ಸರಿಯಾಗುತ್ತದೆ” ಎನ್ನುತ್ತೇವೆ. ಮಾತು ಅಲ್ಲಿಗೆ ಮುಗಿಯುತ್ತದೆ. ಅಲ್ಲಿಗೆ ಮುಗಿಸದೆ ಇನ್ನೊಂದೇ ಒಂದು ಪ್ರಶ್ನೆ ಕೇಳಬೇಕು ಎಂದು ಹೇಳುವುದಕ್ಕೆ ಈ ಲೇಖನ ಬರೆಯುತ್ತಿದ್ದೇನೆ.

ಚಪ್ಪಲಿ ಅಂಗಡಿಯಿಂದ ಕಂಡದ್ದು

ನಮ್ಮ ಉಪ್ಪ ಬಂಟ್ವಾಳ ಕಡೆಯವರು. ಹರೆಯದಲ್ಲೇ ಘಟ್ಟ ಹತ್ತಿ, ಬಳ್ಳಾರಿಯಲ್ಲಿ ಸ್ವಲ್ಪ ಕಾಲ ಒಬ್ಬರ ಅಂಗಡಿಯಲ್ಲಿ ಕೆಲಸಕ್ಕಿದ್ದು, ಆಮೇಲೆ ಆದೋನಿಯಲ್ಲಿ ಒಂದು ಸಣ್ಣ ಚಪ್ಪಲಿ ಅಂಗಡಿ ಹಾಕಿದರು. ಬಳ್ಳಾರಿಯಿಂದ ಆದೋನಿಗೆ ಬರುವುದು ಆ ಕಾಲದವರಿಗೆ ಪರರಾಜ್ಯಕ್ಕೆ ಹೋದ ಹಾಗೆ ಅನಿಸುತ್ತಿರಲಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆಗುವವರೆಗೆ ಆದೋನಿ, ಆಲೂರು ತಾಲೂಕುಗಳು ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಹಳಬರ ಬಾಯಲ್ಲಿ ಈಗಲೂ ಇದು ‘ಆದವಾನಿ’. ನಾನು ಇಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿ, ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಈಗ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಯಂತ್ರಗಳ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಸಂಜೆ ಅಂಗಡಿಯಲ್ಲಿ ಕೂರುತ್ತೇನೆ. ನಾನು ಮನಶ್ಶಾಸ್ತ್ರ ಓದಿದವನಲ್ಲ. ಆದರೆ ಚಪ್ಪಲಿ ಅಂಗಡಿಯಲ್ಲಿ ಕುಳಿತವನಿಗೆ ಊರಿನ ಕಷ್ಟಸುಖ ಕಾಲಿನಿಂದಲೇ ಗೊತ್ತಾಗುತ್ತದೆ.

ಕರ್ನೂಲು ಜಿಲ್ಲೆಯ ಈ ಪಶ್ಚಿಮ ಭಾಗ, ಅಂದರೆ ಆದೋನಿ, ಕೋಸಿಗಿ, ಕೌತಾಳಂ, ಪೆದ್ದಕಡಬೂರು, ಹೊಳಗುಂದ, ಆಲೂರು, ಮಂತ್ರಾಲಯದ ಸುತ್ತಮುತ್ತ, ಮಳೆ ಕಡಿಮೆ. ತುಂಗಭದ್ರಾ ಹೊಳೆ ಪಕ್ಕದಲ್ಲೇ ಹರಿದರೂ ಹೆಚ್ಚಿನ ಹೊಲಗಳು ಆಕಾಶ ನೋಡಿಕೊಂಡೇ ಬದುಕುತ್ತವೆ. ಹತ್ತಿ, ಶೇಂಗಾ ಮುಗಿದ ಮೇಲೆ ಊರಲ್ಲಿ ಕೂಲಿ ಸಿಗುವುದಿಲ್ಲ. ಆಗ ಕುಟುಂಬಗಳು ಗುಳೆ ಹೊರಡುತ್ತವೆ. ಕೆಲವರು ಗುಂಟೂರು ಕಡೆಗೆ ಮೆಣಸಿನಕಾಯಿ ಬಿಡಿಸಲು, ಕೆಲವರು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ. ಮರಳುವುದು ಬೇಸಿಗೆಯ ಹೊತ್ತಿಗೆ. ಮಕ್ಕಳನ್ನು ಕರೆದುಕೊಂಡು ಹೋದರೆ ಶಾಲೆ ಬಿಟ್ಟುಹೋಗುತ್ತದೆ. ಬಿಟ್ಟು ಹೋದರೆ ಅಜ್ಜಿಯ ಬಳಿ ಅಥವಾ ಸರ್ಕಾರ ಇಂಥ ಮಕ್ಕಳಿಗಾಗಿಯೇ ಶಾಲೆಗಳಲ್ಲಿ ನಡೆಸುವ ಋತುಮಾನದ ಹಾಸ್ಟೆಲಿನಲ್ಲಿ ಬಿಡಬೇಕು.

ಹೊರಡುವ ಮುಂಚೆ ಕೆಲವರು ಅಂಗಡಿಗೆ ಬರುತ್ತಾರೆ. ಉಳಿಯುವ ಮಗುವಿಗೆ ಒಂದು ಜೊತೆ ಚಪ್ಪಲಿ ಬೇಕು. “ಒಂದು ನಂಬರ್ ದೊಡ್ಡದೇ ಕೊಡ್ರಿ ಸಾಬ್ರ, ನಾವು ಬರಾದ್ರಾಗೆ ಕಾಲು ಬೆಳಿತಾವು” ಎನ್ನುತ್ತಾರೆ. ಮಗು ಆ ದೊಡ್ಡ ಚಪ್ಪಲಿಯಲ್ಲಿ ಕಾಲು ಜಾರಿಸಿಕೊಂಡು ನಿಂತಿರುತ್ತದೆ. ಎಷ್ಟು ದಿನಕ್ಕೆ ಬರುತ್ತಾರೆ ಎಂದು ಬಾಯಿಬಿಟ್ಟು ಅದಕ್ಕೆ ಯಾರೂ ಹೇಳಿರುವುದಿಲ್ಲ.

ಮೂರ್ನಾಲ್ಕು ವರ್ಷದ ಹಿಂದೆ ಇಂಥ ಒಬ್ಬ ಹುಡುಗ ಅಂಗಡಿಯ ಮುಂದೆ ದಿನಾ ಬಂದು ನಿಲ್ಲತೊಡಗಿದ. ಹನ್ನೆರಡು ವರ್ಷ ಇರಬಹುದು. ಅಜ್ಜಿಯ ಜೊತೆ ನಮ್ಮ ಅಂಗಡಿಯ ಹಿಂದಿನ ಓಣಿಯಲ್ಲಿ ಇದ್ದ. ಶಾಲೆಯ ಹೊತ್ತಿನಲ್ಲಿ ಬೀದಿಯಲ್ಲಿರುತ್ತಿದ್ದ. ಸಣ್ಣ ಹುಡುಗರಿಗೆ ಹೊಡೆಯುತ್ತಿದ್ದ. ಅಜ್ಜಿ ಬಂದು ಉಪ್ಪನ ಹತ್ತಿರ ಹೇಳಿಕೊಂಡರು: “ಮಾತೇ ಆಡಂಗಿಲ್ಲ ಸಾಬ್ರ. ಎಲ್ಲಾದಕ್ಕೂ ಸಿಡುಕು. ಯಾಕೋ ಅಂದ್ರ ಬೇಜಾರು ಅಂತಾನ. ಇಷ್ಟು ಹುಡುಗಗ ಏನು ಬೇಜಾರು?”

ಉಪ್ಪ ಅವನನ್ನು ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿದರು. ಬುದ್ಧಿ ಹೇಳಲಿಲ್ಲ. ಬೇರೆ ಬೇರೆ ಸೈಜಿನ ಡಬ್ಬಗಳನ್ನು ಜೋಡಿಸಲು ಕೊಟ್ಟರು. ಅರ್ಧ ಗಂಟೆಯ ನಂತರ ಸುಮ್ಮನೆ ಕೇಳಿದರು: “ಯಾವ ಬೇಜಾರಪ್ಪಾ? ಅವ್ವನ ನೆನಪಿನ ಬೇಜಾರಾ, ಸಿಟ್ಟಿನ ಬೇಜಾರಾ?”

ಹುಡುಗ ತಲೆ ಎತ್ತದೆ ಹೇಳಿದ: “ತಂಗೀನ ಕರ್ಕೊಂಡು ಹೋದ್ರು. ನನ್ನ ಬಿಟ್ರು.”

ಅಲ್ಲಿಯವರೆಗೆ ನಾವೆಲ್ಲ ಅವನಿಗೆ ತಾಯಿ ತಂದೆಯ ನೆನಪಾಗುತ್ತಿದೆ ಎಂದುಕೊಂಡಿದ್ದೆವು. ಅವನ ಒಳಗೆ ಇದ್ದದ್ದು ಬೇರೆ. ಇಬ್ಬರು ಮಕ್ಕಳಲ್ಲಿ ತಾನು ಬೇಡವಾದವನು ಎಂದು ಅವನು ತೀರ್ಮಾನ ಮಾಡಿಕೊಂಡಿದ್ದ. ತಂಗಿ ತೀರ ಚಿಕ್ಕವಳು, ಶಾಲೆಗೆ ಹೋಗುವ ವಯಸ್ಸಲ್ಲ, ಅದಕ್ಕೆ ಕರೆದೊಯ್ದರು. ಅವನನ್ನು ಬಿಟ್ಟುಹೋದದ್ದು ಅವನ ಓದು ನಿಲ್ಲಬಾರದೆಂದು. ತಾಯಿ ತಂದೆ ಅವನಿಗಾಗಿ ಮಾಡಿದ ದೊಡ್ಡ ತ್ಯಾಗ ಅದು. ಆದರೆ ಅದನ್ನು ಯಾರೂ ಅವನಿಗೆ ಹೇಳಿರಲಿಲ್ಲ. ಅವನು ಮಲಗಿದ್ದಾಗ ಬೆಳಗಿನ ಜಾವ ಹೊರಟಿದ್ದರು. ಕೇಳಿದಾಗಲೆಲ್ಲ ಅಜ್ಜಿ “ನಾಳೆ ಬರ್ತಾರೋ, ಸುಮ್ಕಿರು” ಎನ್ನುತ್ತಿದ್ದರು. ಐವತ್ತು ದಿನ ಆ ‘ನಾಳೆ’ ಸುಳ್ಳಾಗಿತ್ತು.

ಉಪ್ಪ ಅಂಗಡಿಯ ಫೋನಿನಿಂದ ಅವರಿಗೆ ಕರೆ ಮಾಡಿಸಿದರು. ಆಮೇಲೆ ಹುಡುಗನಿಗೆ ನೇರವಾಗಿ ಹೇಳಿದರು: “ನೋಡಪ್ಪಾ, ಅವರು ನಾಳೆ ಬರಂಗಿಲ್ಲ. ಕಾಯಿ ಬಿಡಿಸೋ ಕೆಲಸ ಮುಗಿಯಾಕ ಇನ್ನೂ ಎರಡು ತಿಂಗಳು ಬೇಕು. ಯುಗಾದಿಗೆ ಬರ್ತಾರ.” ಹುಡುಗ ಅತ್ತ, ಅಳುತ್ತಲೇ ಒಂದು ಡಬ್ಬ ಒದ್ದ. ಉಪ್ಪ ಸುಮ್ಮನಿದ್ದರು. ಮುಂದಿನ ಭಾನುವಾರದಿಂದ ಅವನು ವಾರಕ್ಕೊಮ್ಮೆ ಬಂದು ಫೋನಿನಲ್ಲಿ ಮಾತಾಡತೊಡಗಿದ. ಜಗಳ ಪೂರ್ತಿ ನಿಲ್ಲಲಿಲ್ಲ, ಆದರೆ ಶಾಲೆಗೆ ಹೋಗತೊಡಗಿದ. ಆ ವರ್ಷದ ಪರೀಕ್ಷೆ ಬರೆದ. ನಮ್ಮ ಭಾಗದಲ್ಲಿ ಅದೇನೂ ಸಣ್ಣ ಸಂಗತಿಯಲ್ಲ. ಈ ವಯಸ್ಸಿನಲ್ಲಿ ಒಂದು ಋತು ಶಾಲೆ ಬಿಟ್ಟ ಹುಡುಗ ಮುಂದಿನ ವರ್ಷ ಮೆಣಸಿನಕಾಯಿ ಹೊಲದಲ್ಲಿರುತ್ತಾನೆ, ಹುಡುಗಿಯಾದರೆ ಮದುವೆಯ ಮಾತು ಶುರುವಾಗುತ್ತದೆ.

ಗುಂಟೂರೂ ಗಲ್ಫೂ

“ಇದು ಆದೋನಿಯ ಕೂಲಿಕಾರರ ಕತೆ, ನಮಗೇನು?” ಎಂದು ಕರಾವಳಿಯ ಓದುಗರು ಕೇಳಬಹುದು. ಆ ಹುಡುಗನನ್ನು ನೋಡಿದಾಗ ನನಗೆ ನೆನಪಾದದ್ದು ನಮ್ಮ ಮನೆಗಳೇ. ಬ್ಯಾರಿ ಕುಟುಂಬಗಳಲ್ಲಿ ಎರಡು ಮೂರು ತಲೆಮಾರಿನಿಂದ ಗಂಡಸರು ಗಲ್ಫಿಗೆ ಹೋಗುತ್ತಿದ್ದಾರೆ. ಅದಕ್ಕೂ ಮೊದಲು ಮುಂಬೈಗೆ, ಘಟ್ಟದ ಮೇಲಿನ ಊರುಗಳಿಗೆ ಹೋದವರಿದ್ದಾರೆ. ಆ ಗಳಿಕೆಯಿಂದ ಮನೆಗಳು ಎದ್ದವು, ತಂಗಿಯರ ಮದುವೆಗಳು ಆದವು, ಮಕ್ಕಳು ಇಂಜಿನಿಯರ್, ಡಾಕ್ಟರ್ ಆದರು. ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಗುಂಟೂರಿಗೆ ಹೋದ ಅಪ್ಪನ ಮಗನಿಗೂ ಜುಬೈಲಿಗೆ ಹೋದ ಉಪ್ಪನ ಮಗನಿಗೂ ಹನ್ನೆರಡನೇ ವಯಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ. ಇವರು ಯಾಕೆ ಹೋದರು, ಯಾವಾಗ ಬರುತ್ತಾರೆ, ನಾನು ಇವರಿಗೆ ಎಷ್ಟು ಮುಖ್ಯ?

ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಪಾಲಿನ್ ಬಾಸ್ ಎಂಬವರು ಇಂಥ ಸ್ಥಿತಿಗೆ ಒಂದು ಹೆಸರು ಕೊಟ್ಟಿದ್ದಾರೆ. ಕನ್ನಡದಲ್ಲಿ ಅದನ್ನು ‘ಅಸ್ಪಷ್ಟ ಅಗಲಿಕೆ’ ಎನ್ನಬಹುದು. ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಕುಟುಂಬಗಳನ್ನು ಅವರು ಅಧ್ಯಯನ ಮಾಡಿದ್ದರು. ಆ ಮನೆಗಳಲ್ಲಿ ವ್ಯಕ್ತಿ ಇಲ್ಲ, ಆದರೆ ಮನಸ್ಸಿನಲ್ಲಿ ಇದ್ದಾನೆ. ಸತ್ತವರಿಗಾಗಿ ಅಳುವ ಹಾಗೆ ಅತ್ತು ಮುಗಿಸುವಂತಿಲ್ಲ, ಜೊತೆಗಿರುವವರ ಹಾಗೆ ಮಾತಾಡಿ ಹಗುರಾಗುವಂತೆಯೂ ಇಲ್ಲ. ನಮ್ಮ ಮನೆಗಳ ಸ್ಥಿತಿ ಅಷ್ಟು ಕಠಿಣವಲ್ಲ. ಫೋನಿದೆ, ವಿಡಿಯೋ ಕಾಲ್ ಇದೆ, ವರ್ಷಕ್ಕೋ ಎರಡು ವರ್ಷಕ್ಕೋ ರಜೆ ಇದೆ. ಆದರೂ ಗೋಡೆಯ ಮೇಲಿನ ಫೋಟೋದಲ್ಲಿ ಇರುವ, ಊಟದ ಹೊತ್ತಿಗೆ ಇಲ್ಲದ ತಂದೆಯ ಜೊತೆ ಬೆಳೆಯುವುದು ಒಂದು ಬಗೆಯ ಅಸ್ಪಷ್ಟ ಅಗಲಿಕೆಯೇ.

ನನ್ನ ತಂಗಿಯನ್ನು ಮಂಗಳೂರು ಕಡೆಗೆ ಕೊಟ್ಟಿದ್ದೇವೆ. ಅವಳ ಗಂಡ ಸೌದಿಯಲ್ಲಿದ್ದಾರೆ. ಮಗನಿಗೆ ಹದಿಮೂರು. ಕಳೆದ ವರ್ಷ ನಾನು ಹೋಗಿದ್ದಾಗ ತಂಗಿ ಹೇಳಿದಳು, ಇವನು ಉಪ್ಪನ ಫೋನ್ ಬಂದರೆ ಬಾತ್‌ರೂಮಿಗೆ ಹೋಗಿ ಕೂರುತ್ತಾನೆ ಎಂದು. ರಜೆಗೆ ಬರುವ ಸುದ್ದಿ ಬಂದಾಗ ಮನೆಯವರೆಲ್ಲ ಏರ್‌ಪೋರ್ಟಿಗೆ ಹೊರಡುವ ಮಾತಾಡಿದರೆ ಇವನು “ನಾನು ಬರುವುದಿಲ್ಲ” ಎಂದನಂತೆ. ಅಜ್ಜಿಗೆ ಸಿಟ್ಟು: “ತಂದೆ ಮರುಭೂಮಿಯಲ್ಲಿ ಬೆವರು ಸುರಿಸುವುದು ಯಾರಿಗೆ? ಅಹಂಕಾರ ಈ ಹುಡುಗನಿಗೆ.”

ಅವನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊರಟೆ. ದಾರಿಯಲ್ಲಿ ನಾನೇನೂ ಕೇಳಲಿಲ್ಲ. ಹೊಳೆಯ ದಂಡೆಯಲ್ಲಿ ಐಸ್‌ಕ್ರೀಂ ತಿನ್ನುವಾಗ ಅವನೇ “ಬೇಜಾರ್ ಮಾಮ” ಎಂದ. ಉಪ್ಪನಿಂದ ಕಲಿತದ್ದನ್ನೇ ನಾನೂ ಕೇಳಿದೆ, ಯಾವ ಬೇಜಾರು ಎಂದು. ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ ಬ್ಯಾರಿಯಲ್ಲಿ ನಿಧಾನವಾಗಿ ಹೇಳಿದ. ಉಪ್ಪ ಬಂದ ಮೊದಲ ವಾರ ಅವರ ಎದುರು ಹೇಗೆ ಕೂರುವುದು ಎಂದೇ ಗೊತ್ತಾಗುವುದಿಲ್ಲ, ನೆಂಟರ ಹಾಗೆ ಇರುತ್ತಾರೆ. ಅಭ್ಯಾಸವಾಗುವ ಹೊತ್ತಿಗೆ ಹೊರಡುತ್ತಾರೆ. “ಬಂದರೆ ಮತ್ತೆ ಹೋಗ್ತಾರಲ್ಲ. ಬಾರದಿದ್ದರೆ ಹೋಗುವುದೂ ಇಲ್ಲ.”

ಅಹಂಕಾರ ಎಂದು ಮನೆ ಓದಿದ್ದ ಅಕ್ಷರ ಅದು. ಅದರಲ್ಲಿ ನಾಚಿಕೆ ಇತ್ತು, ಭಯ ಇತ್ತು, ಪ್ರೀತಿಯೂ ಇತ್ತು.

ಈ ವಯಸ್ಸಿನಲ್ಲಿ ಒಳಗೆ ಏನಾಗುತ್ತದೆ

ಹತ್ತರಿಂದ ಹತ್ತೊಂಬತ್ತರವರೆಗಿನ ವಯಸ್ಸನ್ನು ವಿಶ್ವ ಆರೋಗ್ಯ ಸಂಸ್ಥೆ ಹದಿಹರೆಯ ಎನ್ನುತ್ತದೆ. ಅದರ ಮೊದಲ ಅರ್ಧ, ಅಂದರೆ 10ರಿಂದ 14, ಬಹಳ ಸೂಕ್ಷ್ಮ. ಮಿದುಳಿನಲ್ಲಿ ಭಾವನೆಗಳನ್ನು ಎಬ್ಬಿಸುವ ಭಾಗಗಳು ಈ ಹೊತ್ತಿಗೆ ಜೋರಾಗಿ ಕೆಲಸ ಮಾಡುತ್ತವೆ. ತಡೆದು ಯೋಚಿಸುವ, ಹಿಂದುಮುಂದು ನೋಡುವ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇಂಜಿನ್ ದೊಡ್ಡದು ಬಂದಿದೆ, ಬ್ರೇಕ್ ಇನ್ನೂ ಹಳೆಯದೇ. ಹುಡುಗ ಬಾಗಿಲು ದಢಾರನೆ ಹಾಕಿದನೆಂದರೆ ಅದು ಯಾವಾಗಲೂ ದುರ್ಬುದ್ಧಿಯಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ಮಾನಸಿಕ ಆರೋಗ್ಯದ ತೊಂದರೆಗಳಲ್ಲಿ ಮೂರರಲ್ಲಿ ಒಂದು ಭಾಗ ಶುರುವಾಗುವುದು 14 ವರ್ಷದೊಳಗೆ. ಹೆಚ್ಚಿನವು ಆಗ ಯಾರ ಕಣ್ಣಿಗೂ ಬೀಳುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ನೂರಕ್ಕೆ 7.3 ಮಂದಿಗೆ ಇಂಥ ತೊಂದರೆ ಇರುವುದು ಕಂಡುಬಂತು. ಈ ಲೆಕ್ಕದಲ್ಲಿ ನಲವತ್ತು ಮಕ್ಕಳಿರುವ ಒಂದು ತರಗತಿಯಲ್ಲಿ ಮೂವರು ಇರಬಹುದು.

ಭಾವನಾತ್ಮಕ ಬುದ್ಧಿಮತ್ತೆ ಎಂಬ ಮಾತು ಈಗ ಶಾಲೆಗಳಲ್ಲಿ ಕೇಳಿಬರುತ್ತದೆ. 1990ರಲ್ಲಿ ಪೀಟರ್ ಸಾಲೊವೆ ಮತ್ತು ಜಾನ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞರು ಅದನ್ನು ವಿವರಿಸಿದರು. 1995ರಲ್ಲಿ ಡೇನಿಯಲ್ ಗೋಲ್‌ಮನ್ ಬರೆದ ಪುಸ್ತಕದಿಂದ ಅದು ಜಗತ್ತಿಗೆಲ್ಲ ಪರಿಚಯವಾಯಿತು. ಹೆಸರು ದೊಡ್ಡದು, ವಿಷಯ ಸರಳ. ನನ್ನಲ್ಲಿ ಮತ್ತು ಎದುರಿನವರಲ್ಲಿ ಯಾವ ಭಾವನೆ ಇದೆ ಎಂದು ಗುರುತಿಸುವುದು, ಅದು ಯಾಕೆ ಬಂತೆಂದು ತಿಳಿಯುವುದು, ಅದನ್ನು ಹೇಗೆ ಸಂಭಾಳಿಸುವುದು ಎಂದು ಕಲಿಯುವುದು. ಮೊದಲ ಮೆಟ್ಟಿಲು ಗುರುತಿಸುವುದು. ಅದಕ್ಕೆ ಪದ ಬೇಕು. ಎಲ್ಲಕ್ಕೂ ‘ಬೇಜಾರು’ ಎಂಬ ಒಂದೇ ಪದವಿದ್ದರೆ ಮೊದಲ ಮೆಟ್ಟಿಲಲ್ಲೇ ಕಾಲು ಜಾರುತ್ತದೆ.

ಹೆಸರಿಟ್ಟು ಹೇಳಿದರೆ ನಿಜಕ್ಕೂ ಏನಾದರೂ ಬದಲಾಗುತ್ತದೆಯೇ? ಅಮೆರಿಕದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಯಸ್ಕರಿಗೆ ಸಿಟ್ಟು, ಭಯ ಇತ್ಯಾದಿ ತುಂಬಿದ ಮುಖಗಳ ಚಿತ್ರ ತೋರಿಸಿ ಮಿದುಳಿನ ಸ್ಕ್ಯಾನ್ ಮಾಡಿದ್ದರು. ಆ ಮುಖದಲ್ಲಿರುವ ಭಾವನೆಗೆ ಹೆಸರು ಹೇಳಿದಾಗ ಮಿದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ಕಡಿಮೆಯಾಗಿತ್ತು. ಹೆಸರಿಟ್ಟ ಮಾತ್ರಕ್ಕೆ ದುಃಖ ಹೋಗುವುದಿಲ್ಲ. ಆದರೆ ಹೆಸರಿದ್ದ ದುಃಖವನ್ನು ಕೈಯಲ್ಲಿ ಹಿಡಿದು ಇನ್ನೊಬ್ಬರಿಗೆ ತೋರಿಸಬಹುದು.

ನಮ್ಮ ಮಿಲ್ಲಿನಲ್ಲಿ ಒಂದು ಅಭ್ಯಾಸವಿದೆ. ಜಿನ್ನಿಂಗ್ ಯಂತ್ರ ಓಡುತ್ತಿರುವಾಗ ಬೇರಿಂಗಿನ ಶಬ್ದ ಕೇಳುತ್ತಾ, ಅದರ ಮೇಲ್ಕವಚವನ್ನು ಕೈಯಿಂದ ಮುಟ್ಟಿ ನೋಡುತ್ತಾ ಹೋಗುತ್ತೇವೆ. ಬೇರಿಂಗ್ ಕೆಡುವ ಮೊದಲು ಸಾಮಾನ್ಯವಾಗಿ ಬಿಸಿಯಾಗುತ್ತದೆ, ಶಬ್ದ ಬದಲಾಗುತ್ತದೆ. ಶಬ್ದ ಬಂತೆಂದು ಯಾರೂ ಯಂತ್ರಕ್ಕೆ ಬೈಯುವುದಿಲ್ಲ, ನಿಲ್ಲಿಸಿ ನೋಡುತ್ತಾರೆ. ಇನ್ನೊಂದು ಮಾತು: ಗ್ರೀಸ್ ಒಳ್ಳೆಯದೆಂದು ಮಿತಿಮೀರಿ ತುಂಬಿಸಿದರೂ ಬೇರಿಂಗ್ ಬಿಸಿಯಾಗುತ್ತದೆ. ಬುದ್ಧಿಮಾತಿಗೂ ಇದು ಅನ್ವಯಿಸುತ್ತದೆ.

ಹೊರಡುವವರು ಮಾಡಬಹುದಾದದ್ದು

ಕೆಲಸಕ್ಕೆ ಹೋಗಲೇಬೇಕು. ಗುಂಟೂರಾದರೂ ಗಲ್ಫಾದರೂ ಅದನ್ನು ಬಿಡುವಂತಿಲ್ಲ. ಆದರೆ ಹೋಗುವ ರೀತಿಯನ್ನು ಬದಲಿಸಬಹುದು.

ಮಗು ಮಲಗಿದ್ದಾಗ ಹೊರಡಬೇಡಿ. ಅಳುವುದನ್ನು ನೋಡಲಾರೆವು ಎಂದು ನಾವು ಕದ್ದು ಹೋಗುತ್ತೇವೆ. ನಮ್ಮ ಸಂಕಟ ತಪ್ಪುತ್ತದೆ, ಮಗುವಿನ ನಂಬಿಕೆ ಹೋಗುತ್ತದೆ. ಅಂಥ ಮಗು ಆಮೇಲೆ ಎಷ್ಟೋ ರಾತ್ರಿ ಅರ್ಧ ಕಣ್ಣು ತೆರೆದೇ ಮಲಗುತ್ತದೆ. ಅತ್ತರೂ ಪರವಾಗಿಲ್ಲ, ಎದುರಿಗೇ ಹೇಳಿ ಹೊರಡಬೇಕು.

ಯಾಕೆ ಹೋಗುತ್ತಿದ್ದೇವೆ, ನಿನ್ನನ್ನು ಯಾಕೆ ಇಲ್ಲಿ ಬಿಡುತ್ತಿದ್ದೇವೆ ಎಂದು ಬಾಯಿಬಿಟ್ಟು ಹೇಳಬೇಕು. ದೊಡ್ಡವರಿಗೆ ಗೊತ್ತಿರುವುದು ಮಗುವಿಗೂ ಗೊತ್ತಿದೆ ಎಂದು ಭಾವಿಸಬಾರದು. ಹನ್ನೆರಡು ವರ್ಷದವನು ಉತ್ತರ ಸಿಗದಿದ್ದರೆ ತಾನೇ ಒಂದು ಉತ್ತರ ಕಟ್ಟಿಕೊಳ್ಳುತ್ತಾನೆ. ಹೆಚ್ಚಾಗಿ ಆ ಉತ್ತರದಲ್ಲಿ ತಪ್ಪಿತಸ್ಥ ಅವನೇ ಆಗಿರುತ್ತಾನೆ.

ಬರುವ ದಿನ ಗೊತ್ತಿದ್ದರೆ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಗೊತ್ತಿಲ್ಲದಿದ್ದರೆ “ಗೊತ್ತಿಲ್ಲ, ಗೊತ್ತಾದ ದಿನ ಮೊದಲು ನಿನಗೇ ಹೇಳುತ್ತೇನೆ” ಎನ್ನಿ. “ನಾಳೆ, ನಾಡಿದ್ದು” ಬೇಡ. ಕಂಪೆನಿ ರಜೆ ಮುಂದೂಡಿದರೆ ಆ ಸುದ್ದಿಯನ್ನೂ ಮುಚ್ಚಿಡಬೇಡಿ.

ಗಂಡು ಮಗನಿಗೆ “ಇನ್ನು ಮನೆಗೆ ನೀನೇ ಯಜಮಾನ, ಉಮ್ಮನನ್ನು ನೋಡಿಕೋ” ಎಂದು ಹೇಳುವ ರೂಢಿ ನಮ್ಮಲ್ಲಿದೆ. ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಹದಿಮೂರು ವರ್ಷದ ಹೆಗಲಿಗೆ ಅದು ದೊಡ್ಡ ಚಪ್ಪಲಿಗಿಂತ ದೊಡ್ಡದು. ಯಜಮಾನ ಅಳಬಾರದು, ಹೆದರಬಾರದು, ಬೇಜಾರು ಹೇಳಬಾರದು ಎಂದು ಅವನು ಅರ್ಥ ಮಾಡಿಕೊಳ್ಳುತ್ತಾನೆ. ಬದಲಿಗೆ ಅವನ ವಯಸ್ಸಿಗೆ ತಕ್ಕ ಒಂದೆರಡು ಕೆಲಸ ಒಪ್ಪಿಸಿ. ಹೆಣ್ಣುಮಗಳ ಮೇಲೆ ಬೇರೆ ಹೊರೆ ಬೀಳುತ್ತದೆ: ಅಡಿಗೆ, ತಮ್ಮಂದಿರು, ಅಜ್ಜಿಯ ಔಷಧಿ. ಅವಳು ಗಲಾಟೆ ಮಾಡುವುದಿಲ್ಲವಾದ್ದರಿಂದ ಅವಳಿಗೆ ಬೇಜಾರಿಲ್ಲ ಎಂದು ನಾವು ತಿಳಿಯುತ್ತೇವೆ. ಸುಮ್ಮನಿರುವ ಮಗುವನ್ನು ಎರಡು ಸಲ ಕೇಳಬೇಕು.

ಫೋನಿನಲ್ಲಿ ನಮ್ಮ ಉಪ್ಪಂದಿರು ಕೇಳುವುದು ಹೆಚ್ಚಾಗಿ ಮೂರು ಪ್ರಶ್ನೆ: ಊಟ ಆಯಿತಾ, ಮದ್ರಸಕ್ಕೆ ಹೋದೆಯಾ, ಮಾರ್ಕ್ ಎಷ್ಟು? ಮೂರಕ್ಕೂ ಒಂದೊಂದೇ ಪದದ ಉತ್ತರ ಸಾಕು. “ಇವತ್ತು ಯಾವುದಕ್ಕೆ ನಗು ಬಂತು? ಯಾವುದಕ್ಕೆ ಸಿಟ್ಟು ಬಂತು?” ಎಂದು ಕೇಳಿ ನೋಡಿ. ಅದಕ್ಕೂ ಮೊದಲು ನಿಮ್ಮದನ್ನು ಹೇಳಿ. “ನಿನ್ನೆ ರೂಮಿನಲ್ಲಿ ಎಲ್ಲರೂ ಊರಿಗೆ ಹೋಗಿದ್ದರು, ನನಗೆ ಒಂಟಿತನ ಅನಿಸಿತು” ಎಂದು ತಂದೆ ಹೇಳಿದರೆ ಮಗನಿಗೆ ಒಂದು ಪದವೂ ಸಿಗುತ್ತದೆ, ಧೈರ್ಯವೂ ಸಿಗುತ್ತದೆ.

ಮನೆಯಲ್ಲಿ ಉಳಿದವರಲ್ಲಿ ಒಬ್ಬರಾದರೂ, ಅಜ್ಜ, ಚಿಕ್ಕಪ್ಪ, ಮಾಮ, ಟೀಚರ್ ಯಾರಾದರೂ ಸರಿ, ಕೇಳಿಸಿಕೊಳ್ಳುವವರಾಗಿರಬೇಕು. ಎದುರೆದುರು ಕೂರಿಸಿ ವಿಚಾರಣೆ ಮಾಡಿದರೆ ಈ ವಯಸ್ಸಿನವರು ಬಾಯಿ ಬಿಡುವುದಿಲ್ಲ. ಪಕ್ಕಪಕ್ಕ ಕುಳಿತು ಏನಾದರೂ ಕೆಲಸ ಮಾಡುವಾಗ, ದಾರಿಯಲ್ಲಿ ಹೋಗುವಾಗ ಮಾತು ತಾನಾಗಿ ಬರುತ್ತದೆ. ಹೇಳಿದ ಮಾತನ್ನು ಮರುದಿನ ನೆಂಟರ ಮುಂದೆ ತಮಾಷೆ ಮಾಡಬಾರದು. ಹಾಗೆ ಒಂದು ಸಲ ಆದರೆ ಆ ಬಾಗಿಲು ಬಹಳ ಕಾಲ ತೆರೆಯುವುದಿಲ್ಲ.

ಬೇಜಾರಿಗಿಂತ ಹೆಚ್ಚಿನದು ಕಂಡರೆ

ಎಲ್ಲವನ್ನೂ ಮನೆಯಲ್ಲೇ ಸರಿಮಾಡಬಹುದು ಎಂದು ನಾನು ಹೇಳುವುದಿಲ್ಲ. ಎರಡು ವಾರಕ್ಕಿಂತ ಹೆಚ್ಚು ದಿನ ನಿದ್ದೆ, ಊಟ ಕೆಟ್ಟಿದ್ದರೆ, ಇಷ್ಟದ ಆಟವನ್ನೂ ಬಿಟ್ಟಿದ್ದರೆ, ಗೆಳೆಯರಿಂದ ದೂರ ಹೋಗಿದ್ದರೆ, ಓದು ಒಮ್ಮೆಲೇ ಕುಸಿದಿದ್ದರೆ, ಮೈಗೆ ತಾನೇ ಗಾಯ ಮಾಡಿಕೊಂಡಿದ್ದರೆ, ಬದುಕುವುದು ಬೇಡ ಎಂಬ ಅರ್ಥದ ಮಾತು ಒಂದು ಸಲ ಬಂದರೂ ಡಾಕ್ಟರ ಹತ್ತಿರ ಹೋಗಬೇಕು. “ಜನ ಏನೆನ್ನುತ್ತಾರೆ” ಎಂದು ಕಾಯಬಾರದು. ಜ್ವರ ಬಂದರೆ ನಾವು ಹಾಗೆ ಕಾಯುವುದಿಲ್ಲ.

2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಟೆಲಿ ಮಾನಸ್ ಎಂಬ ಸಹಾಯವಾಣಿ ಶುರುಮಾಡಿತು. 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡ, ತೆಲುಗು ಎರಡರಲ್ಲೂ ಮಾತಾಡುವವರಿದ್ದಾರೆ. ಮಗು ಅಪಾಯದಲ್ಲಿದ್ದರೆ, ಬಾಲ್ಯವಿವಾಹ, ಕೂಲಿ, ಹೊಡೆತ ಯಾವುದೇ ಇರಲಿ, 1098 ಮಕ್ಕಳ ಸಹಾಯವಾಣಿ. ಈ ಎರಡು ನಂಬರ್ ನಮ್ಮ ಅಂಗಡಿಯ ಗೋಡೆಯ ಮೇಲಿವೆ. ಶಾಲೆಗಳಿಗಾಗಿ 2020ರ ಫೆಬ್ರವರಿಯಲ್ಲಿ ಆಯುಷ್ಮಾನ್ ಭಾರತ್ ಅಡಿಯಲ್ಲಿ ಒಂದು ಆರೋಗ್ಯ ಕಾರ್ಯಕ್ರಮ ಬಂದಿದೆ. ಅದರ ಹನ್ನೊಂದು ವಿಷಯಗಳಲ್ಲಿ ಭಾವನಾತ್ಮಕ ಸ್ವಾಸ್ಥ್ಯ ಮತ್ತು ಮಾನಸಿಕ ಆರೋಗ್ಯವೂ ಒಂದು. ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರಿಗೆ ಇದರ ತರಬೇತಿ ಕೊಡಬೇಕೆಂದಿದೆ. ನಿಮ್ಮ ಮಗುವಿನ ಸರ್ಕಾರಿ ಶಾಲೆಯಲ್ಲಿ ಆ ಇಬ್ಬರು ಯಾರು ಎಂದು ಪೋಷಕರ ಸಭೆಯಲ್ಲಿ ಕೇಳಿ. ಕೇಳುವವರಿದ್ದರೆ ಕಾರ್ಯಕ್ರಮ ಕಾಗದದಿಂದ ತರಗತಿಗೆ ಇಳಿಯುತ್ತದೆ.

ತಂಗಿಯ ಮಗನ ವಿಷಯ ಮುಗಿಸುತ್ತೇನೆ. ಅವನ ಒಪ್ಪಿಗೆ ಕೇಳಿಯೇ ನಾನು ಬಾವನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ರಜೆಗೆ ಬಂದ ಮೇಲೆ ಮೊದಲ ವಾರ ನೆಂಟರ ಮನೆಗಳ ಸುತ್ತಾಟ ಕಡಿಮೆ ಮಾಡಿ, ದಿನಾ ಬೆಳಿಗ್ಗೆ ಮಗನ ಜೊತೆ ಮೀನು ಮಾರ್ಕೆಟಿಗೆ ಹೋದರು. ಅಷ್ಟೇ. ಬೇರೆ ವಿಶೇಷ ಏನೂ ಮಾಡಲಿಲ್ಲ. ಹೊರಡುವ ದಿನ ಹುಡುಗ ಏರ್‌ಪೋರ್ಟಿಗೆ ಬಂದ. ಅತ್ತ. ತಂದೆಯೂ ಅತ್ತರು. ಈಗ ಫೋನ್ ಬಂದಾಗ ಕೆಲವು ದಿನ ಮಾತಾಡುತ್ತಾನೆ, ಕೆಲವು ದಿನ “ಇವತ್ತು ಬೇಡ, ಸಿಟ್ಟಿದೆ” ಎನ್ನುತ್ತಾನೆ. ಬಾತ್‌ರೂಮಿಗೆ ಹೋಗಿ ಕೂರುವುದಿಲ್ಲ. ಸಿಟ್ಟಿದೆ ಎಂದು ಹೇಳಲು ಬರುವ ಮಗನ ಬಗ್ಗೆ ನನಗೆ ಹೆದರಿಕೆ ಕಡಿಮೆ.

ಓದುಗರಲ್ಲಿ ನನ್ನದೊಂದು ಕೋರಿಕೆ. ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್ ಅಥವಾ ಕನ್ನಡದಲ್ಲಿ ಓದುತ್ತಾರೆ, ಮನಸ್ಸಿನ ಮಾತು ಬರುವುದು ಬ್ಯಾರಿಯಲ್ಲಿ. ನಮ್ಮ ಅಜ್ಜಿಯಂದಿರ ಹತ್ತಿರ ಸಂಕಟಕ್ಕೆ, ಮುನಿಸಿಗೆ, ನಾಚಿಕೆಗೆ, ಹಂಬಲಕ್ಕೆ ಬೇರೆ ಬೇರೆ ಪದಗಳಿವೆ. ಒಂದು ಸಂಜೆ ಮಕ್ಕಳನ್ನು ಅವರ ಪಕ್ಕ ಕೂರಿಸಿ ಆ ಪದಗಳನ್ನು ಕೇಳಿಸಿ, ಒಂದು ಪುಸ್ತಕದಲ್ಲಿ ಬರೆಸಿ. ಭಾಷೆಯೂ ಉಳಿಯುತ್ತದೆ. ಮುಂದೊಂದು ದಿನ ಆ ಮಗು “ಬೇಜಾರ್” ಎಂದಾಗ ಯಾವ ಬೇಜಾರು ಎಂದು ನೀವು ಕೇಳಿದರೆ, ಉತ್ತರ ಹೇಳಲು ಅದರ ಹತ್ತಿರ ಪದಗಳು ಇರುತ್ತವೆ.